ಅಳಿವೆಯಲ್ಲಿ ಅಳಿದು ಮರಳಿದ ಒಂದು ನೀಲಿ ಕೀಟ

ಬ್ರಿಟನ್ನಿನ ಕೀಟಗಳ ದಾಖಲೆಯಲ್ಲಿ ಒಂದು ಪುಟ್ಟ ನೀಲಿ ಕೀಟದ ಹೆಸರಿನ ಎದುರು ಬಹುಕಾಲ ಎರಡೇ ಇಸವಿಗಳಿದ್ದವು. 1946ರಲ್ಲಿ ಅದು ಆ ದೇಶದ ನೆಲದಲ್ಲಿ ಗುರುತಿಗೆ ಬಂದಿತು. 1953ರಲ್ಲಿ ಅಳಿದುಹೋಯಿತೆಂದು ಬರೆಯಲಾಯಿತು. ನಡುವೆ ಇದ್ದದ್ದು ಏಳು ಬೇಸಿಗೆಗಳು. ಅರಸುಮನೆತನಗಳ ಆಯುಷ್ಯವನ್ನು ಶತಮಾನಗಳಲ್ಲಿ ಅಳೆದು ಅಭ್ಯಾಸವಾದ ನಮಗೆ ಏಳು ಬೇಸಿಗೆಗಳ ಬದುಕನ್ನು ಚರಿತ್ರೆಯೆನ್ನಲು ಸಂಕೋಚವಾಗಬಹುದು. ಆದರೆ ಆ ಕಿರಿದಾದ ಅವಧಿಯೊಳಗೆ ಒಂದು ಜೀವಿಯ ನೆಲೆ ಮತ್ತು ನಾಶ ಎರಡೂ ಅಡಕವಾಗಿವೆ. 2010ರಲ್ಲಿ ಅದಕ್ಕೊಂದು ಉತ್ತರಕಾಂಡವೂ ಸೇರಿಕೊಂಡಿತು. ಒಂದು ಜೀವಿ 'ಮರಳಿ ಬಂದಿತು' ಎಂದು ಹೇಳುವಾಗ ನಾವು ನಿಜವಾಗಿ ಏನನ್ನು ಹೇಳುತ್ತಿರುತ್ತೇವೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಕಥೆಯನ್ನು ಇಲ್ಲಿ ಬಿಡಿಸಿ ನೋಡಲು ಯತ್ನಿಸಿದ್ದೇವೆ.

ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳ ಗಣದಲ್ಲಿ ಎರಡು ಮುಖ್ಯ ಕವಲುಗಳಿವೆ. ಚಿಟ್ಟೆಯೆಂಬ ಹೆಸರಿದ್ದರೂ ಇವು ಯಾವುವೂ ಚಿಟ್ಟೆಗಳಲ್ಲ. ಗಟ್ಟಿ ಮೈಕಟ್ಟಿನ, ಕುಳಿತಾಗಲೂ ನಾಲ್ಕು ರೆಕ್ಕೆಗಳನ್ನು ಅಗಲವಾಗಿ ಹರಡಿಕೊಂಡಿರುವ ಕವಲು ಡ್ರ್ಯಾಗನ್‌ಫ್ಲೈ. ಸೂಜಿಯಂತೆ ಸಪೂರವಾದ ಮೈಯುಳ್ಳ, ಕುಳಿತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುವ ಕವಲು ಡ್ಯಾಮ್ಸೆಲ್‌ಫ್ಲೈ. ನಮ್ಮ ಕಥೆಯ ಕೀಟ ಈ ಎರಡನೆಯ ಬಳಗದ್ದು. ಫ್ರಾನ್ಸಿನ ಕೀಟಶಾಸ್ತ್ರಜ್ಞ ಜೂಲ್ ಪಿಯೆರ್ ರಾಂಬೂರ್ 1842ರಲ್ಲಿ ಇದನ್ನು ಮೊದಲು ವರ್ಣಿಸಿ 'ಸಿಟುಲಮ್' ಎಂಬ ಲ್ಯಾಟಿನ್ ವಿಶೇಷಣವನ್ನು ಕೊಟ್ಟನು. ಅಚ್ಚುಕಟ್ಟಾದ, ಮುದ್ದಾದ ಎಂಬುದು ಆ ಪದದ ಅರ್ಥ. ಇಂದು ಇದರ ಶಾಸ್ತ್ರೀಯ ಹೆಸರು ಸೀನಾಗ್ರಿಯಾನ್ ಸಿಟುಲಮ್. ಇಂಗ್ಲಿಷರು ರಾಂಬೂರನ ಭಾವವನ್ನೇ ಹಿಡಿದು ಡೇಂಟಿ ಡ್ಯಾಮ್ಸೆಲ್‌ಫ್ಲೈ ಎಂದರು. ನಾವೂ ಇನ್ನು ಮುಂದೆ ಇದನ್ನು ಡೇಂಟಿ ಎಂದೇ ಕರೆಯೋಣ.

ಡೇಂಟಿಯ ಮೈ ಸುಮಾರು ಮೂರು ಸೆಂಟಿಮೀಟರ್ ಉದ್ದ. ಗಂಡು ತಿಳಿನೀಲಿ ಬಣ್ಣದ್ದು. ಮೈತುಂಬ ಕಪ್ಪು ಪಟ್ಟೆಗಳು. ಬಾಲದಂತೆ ಕಾಣುವ ನೀಳವಾದ ಉದರ ಹತ್ತು ಖಂಡಗಳಾಗಿ ಬೇರ್ಪಟ್ಟಿದೆ. ಅವುಗಳಲ್ಲಿ ಆರನೆಯದೂ ಏಳನೆಯದೂ ಬಹುಪಾಲು ಕಪ್ಪು. ಎಂಟನೆಯದರಲ್ಲಿ ನೀಲಿ ಮತ್ತೆ ಬೆಳಗುತ್ತದೆ. ಹೆಣ್ಣಿನ ಬಣ್ಣ ಹೆಚ್ಚಾಗಿ ಹಸುರು ಛಾಯೆಯದು, ಕೆಲವೊಮ್ಮೆ ನೀಲಿ. ಅದರ ಬೆನ್ನಿನ ಮೇಲೆ ಕಪ್ಪು ಹೆಚ್ಚು. ಇಷ್ಟೇ ಆಗಿದ್ದರೆ ಇದನ್ನು ಗುರುತಿಸುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಏಕೆಂದರೆ ಇಂಗ್ಲೆಂಡಿನ ಬೇಸಿಗೆಯ ಕೊಳಗಳ ಮೇಲೆ ಇಂಥದೇ ನೀಲಿಕಪ್ಪಿನ ಹಲವು ಜಾತಿಗಳು ನೂರಾರು ಸಂಖ್ಯೆಯಲ್ಲಿ ಹಾರಾಡುತ್ತಿರುತ್ತವೆ. ಡೇಂಟಿಯನ್ನು ಬೇರ್ಪಡಿಸುವ ಚಿಹ್ನೆಗಳು ಅತಿ ಸಣ್ಣವು. ಗಂಡಿನ ಎರಡನೆಯ ಖಂಡದ ಮೇಲೆ ಇಂಗ್ಲಿಷಿನ 'ಯು' ಅಕ್ಷರವನ್ನು ಹೋಲುವ ಒಂದು ಕಪ್ಪು ಗುರುತು ಇರುತ್ತದೆ. ಹಲವು ಬಾರಿ ಅದಕ್ಕೊಂದು ತೊಟ್ಟೂ ಇರುತ್ತದೆ. ರೆಕ್ಕೆಯ ತುದಿಯಂಚಿನಲ್ಲಿರುವ ತಿಳಿಕಂದು ಚುಕ್ಕೆ ಅದರ ಬಂಧುಗಳ ಚುಕ್ಕೆಗಿಂತ ನೀಳವಾಗಿದೆ. ಒಂದೆರಡು ಮಿಲಿಮೀಟರ್ ಅಗಲದ ಈ ಗುರುತುಗಳೇ ಈ ಕೀಟದ ಚರಿತ್ರೆಯ ಶಾಸನಗಳು. ಅವನ್ನು ಓದಬಲ್ಲವರು ಕೊಳದ ಬಳಿ ಇರದಿದ್ದರೆ ಚರಿತ್ರೆಯೂ ಇರುತ್ತಿರಲಿಲ್ಲ.

1946ರಲ್ಲಿ ಅಂಥವರು ಇದ್ದರು. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರವನ್ನು ಸೇರುವ ಅಳಿವೆಯ ಉತ್ತರ ದಡದಲ್ಲಿ ಎಸೆಕ್ಸ್ ಕೌಂಟಿಯ ಹ್ಯಾಡ್ಲಿ, ಬೆನ್‌ಫ್ಲೀಟ್ ಎಂಬ ಊರುಗಳಿವೆ. ಅವುಗಳ ಸಮೀಪದ ಕೊಳವೊಂದರಲ್ಲಿ ಇ. ಬಿ. ಪಿನ್ನಿಗರ್ ಎಂಬ ಕೀಟಾಸಕ್ತರಿಗೆ ಡೇಂಟಿ ದೊರೆಯಿತು. ಯುದ್ಧ ಮುಗಿದು ಆಗಿನ್ನೂ ಒಂದೇ ವರ್ಷ. ಆಹಾರಕ್ಕೆ ಪಡಿತರವಿದ್ದ, ಬಾಂಬು ಬಿದ್ದ ಮನೆಗಳು ಇನ್ನೂ ಕಟ್ಟಿರದ ಆ ದೇಶದಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ಬಲೆ ಹಿಡಿದು ಜೌಗುನೆಲಕ್ಕೆ ಹೋಗುತ್ತಿದ್ದರೆಂಬುದೇ ಒಂದು ಯೋಗ್ಯ ಸಂಗತಿ. ಬ್ರಿಟನ್ನಿನ ಪ್ರಕೃತಿಚರಿತ್ರೆಯ ಬಹುಭಾಗವನ್ನು ಬರೆದವರು ಇಂಥ ಹವ್ಯಾಸಿಗಳೇ. ಕಂಡ ವರ್ಷವೇ ಬಂದ ವರ್ಷವಾಗಬೇಕೆಂದಿಲ್ಲ ಎಂಬ ಎಚ್ಚರವನ್ನು ಇಲ್ಲಿ ಇಟ್ಟುಕೊಳ್ಳಬೇಕು. ದಾಖಲೆ ಹೇಳುವುದು ನೋಡುಗನ ಆಗಮನವನ್ನು, ಕೀಟದ ಆಗಮನವನ್ನಲ್ಲ.

ಮೂಲತಃ ಡೇಂಟಿ ಮೆಡಿಟರೇನಿಯನ್ ಪ್ರದೇಶದ ಜೀವಿ. ಸ್ಪೇನ್, ಫ್ರಾನ್ಸ್, ಇಟಲಿ, ಉತ್ತರ ಆಫ್ರಿಕಾಗಳ ಬೆಚ್ಚನೆಯ ನೀರು ಅದರ ತವರು. ಅದಕ್ಕೆ ಬೇಕಾದದ್ದು ಆಳವಿಲ್ಲದ, ಬಿಸಿಲು ಬೀಳುವ, ನಿಂತ ಅಥವಾ ಮೆಲ್ಲಗೆ ಹರಿಯುವ ನೀರು; ಅದರೊಳಗೆ ಹಾರ್ನ್‌ವರ್ಟ್, ಮಿಲ್‌ಫಾಯಿಲ್‌ಗಳಂಥ ಎಳೆಎಳೆಯಾದ ಜಲಸಸ್ಯಗಳ ದಟ್ಟಣೆ. ಥೇಮ್ಸ್ ಅಳಿವೆಯ ತಗ್ಗುನೆಲ ಇದಕ್ಕೆ ಒಪ್ಪುವಂಥದು. ಶತಮಾನಗಳ ಕಾಲ ಸಮುದ್ರಕ್ಕೆ ಮಣ್ಣಿನ ದಂಡೆ ಕಟ್ಟಿ ಗಳಿಸಿಕೊಂಡ ಮೇವಿನ ಬಯಲುಗಳು ಅಲ್ಲಿವೆ. ಅವುಗಳ ನಡುವೆ ನೀರು ಬಸಿಯಲು ತೋಡಿದ ಕಾಲುವೆಗಳು, ದನಗಳು ನೀರು ಕುಡಿಯುವ ಕೊಳಗಳು. ಇಂಗ್ಲೆಂಡಿನ ಇತರ ಭಾಗಗಳಿಗೆ ಹೋಲಿಸಿದರೆ ಮಳೆ ಕಡಿಮೆ, ಬಿಸಿಲು ಹೆಚ್ಚು. ದಕ್ಷಿಣದ ಕೀಟವೊಂದು ತನ್ನ ಉತ್ತರದ ಅಂಚಿನಲ್ಲಿ ಇಂಥ ಜಾಗವನ್ನೇ ಆರಿಸಿಕೊಂಡದ್ದು ಸಹಜ. ಅಂಚಿನ ಬದುಕಿಗೆ ಒಂದು ದೌರ್ಬಲ್ಯವೂ ಇರುತ್ತದೆ. ನೆಲೆ ಒಂದೆರಡೇ ಆದ್ದರಿಂದ ಅವು ಹೋದರೆ ಎಲ್ಲವೂ ಹೋದಂತೆ.

ಈ ಮಾತಿನ ತೂಕ ತಿಳಿಯಬೇಕಾದರೆ ಡೇಂಟಿಯ ವರ್ಷಚಕ್ರವನ್ನು ತಿಂಗಳುಗಳ ಲೆಕ್ಕದಲ್ಲಿ ನೋಡಬೇಕು. ಬ್ರಿಟನ್ನಿನಲ್ಲಿ ಪ್ರಾಯದ ಕೀಟಗಳು ಹಾರಾಡುವುದು ಮುಖ್ಯವಾಗಿ ಜೂನ್, ಜುಲೈ ತಿಂಗಳುಗಳಲ್ಲಿ. ಗಂಡು ತನ್ನ ಬಾಲದ ತುದಿಯ ಚಿಮ್ಮಟದಿಂದ ಹೆಣ್ಣಿನ ಕತ್ತಿನ ಹಿಂಭಾಗವನ್ನು ಹಿಡಿಯುತ್ತದೆ. ಹೆಣ್ಣು ತನ್ನ ಉದರವನ್ನು ಮುಂದಕ್ಕೆ ಬಾಗಿಸುತ್ತದೆ. ಎರಡೂ ಸೇರಿ ಒಂದು ಚಕ್ರದಂತೆ ಕಾಣುತ್ತವೆ. ಸಮಾಗಮದ ನಂತರವೂ ಗಂಡು ಹಿಡಿತ ಬಿಡುವುದಿಲ್ಲ. ಜೋಡಿ ಹಾಗೆಯೇ ನೀರಿನ ಮೇಲೆ ತೇಲುವ ಸಸ್ಯಗಳಿಗೆ ಇಳಿಯುತ್ತದೆ. ಹೆಣ್ಣು ಗಿಡದ ಕಾಂಡವನ್ನು ಸೀಳಿ ಅದರೊಳಗೆ ಮೊಟ್ಟೆಯಿಡುತ್ತಿರುವಾಗ ಗಂಡು ಅದರ ಕತ್ತಿನ ಮೇಲೆ ನೆಟ್ಟಗೆ, ಕಾವಲುಗಾರನಂತೆ ನಿಂತಿರುತ್ತದೆ. ಬೇರೆ ಗಂಡುಗಳು ಹತ್ತಿರ ಸುಳಿಯದಿರಲೆಂಬುದು ಈ ಕಾವಲಿನ ಉದ್ದೇಶ.

ಕೆಲವು ವಾರಗಳಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಅಲ್ಲಿಂದ ಮುಂದಿನದೆಲ್ಲ ನೀರಿನೊಳಗಿನ ಬದುಕು. ಮರಿಯ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿರುತ್ತವೆ. ಅದರ ಕೆಳದುಟಿ ಮಡಚಿಟ್ಟ ತೋಳಿನಂತೆ ಗಲ್ಲದಡಿ ಅಡಗಿರುತ್ತದೆ. ನೀರುಚಿಗಟದಂಥ ಬೇಟೆ ಹತ್ತಿರ ಬಂದೊಡನೆ ರಪ್ಪನೆ ಮುಂದೆ ಚಾಚಿ ಹಿಡಿಯುತ್ತದೆ. ಜಲಸಸ್ಯಗಳ ಎಳೆಗಳ ನಡುವೆ ಅಡಗಿ, ತಿಂದು, ಹಲವು ಬಾರಿ ಪೊರೆ ಕಳಚಿ ಅದು ಬೆಳೆಯುತ್ತದೆ. ಚಿಟ್ಟೆಗಳಿಗಿರುವ ಕೋಶಾವಸ್ಥೆ ಇದಕ್ಕಿಲ್ಲ. ಶರತ್ಕಾಲ ಕಳೆದು ಚಳಿಗಾಲ ಬಂದಾಗಲೂ ಅದು ನೀರಿನಲ್ಲೇ, ಮರಿಯಾಗಿಯೇ ಇರುತ್ತದೆ. ಮರುವರ್ಷದ ಮೇ ಅಂತ್ಯ, ಜೂನ್ ವೇಳೆಗೆ ಒಂದು ಬೆಳಗ್ಗೆ ಗಿಡದ ಕಾಂಡವನ್ನೇರಿ, ಬೆನ್ನು ಬಿರಿದು, ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ಹೊರಬಂದ ಮೇಲೆ ಅದಕ್ಕುಳಿದಿರುವುದು ಕೆಲವೇ ವಾರಗಳು. ಒಂದು ವರ್ಷದ ಆಯುಷ್ಯದಲ್ಲಿ ನಮ್ಮ ಕಣ್ಣಿಗೆ ಬೀಳುವ ಭಾಗ ಅತಿ ಸ್ವಲ್ಪ. ಜನವರಿ ತಿಂಗಳಲ್ಲಿ ಅದರ ಹಾರುವ ಪೀಳಿಗೆ ಎಲ್ಲಿಯೂ ಇರುವುದಿಲ್ಲ, ಹೊಸ ಮೊಟ್ಟೆಗಳೂ ಇರುವುದಿಲ್ಲ. ಆ ನೆಲೆಯ ಪ್ರತಿಯೊಂದು ಡೇಂಟಿಯೂ ಆಗ ಕೊಳದ ನೀರಿನೊಳಗಿರುತ್ತದೆ.

1953ರ ಜನವರಿ 31, ಶನಿವಾರ. ಸ್ಕಾಟ್ಲೆಂಡಿನ ಉತ್ತರದಿಂದ ಹೊರಟ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ದಕ್ಷಿಣಕ್ಕೆ ನೂಕುತ್ತಿತ್ತು. ದಕ್ಷಿಣಕ್ಕೆ ಬಂದಂತೆ ಆ ಸಮುದ್ರ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತದೆ. ನೂಕಿದ ನೀರಿಗೆ ಏರುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹುಣ್ಣಿಮೆ ಕಳೆದು ಎರಡು ದಿನಗಳಾಗಿದ್ದುದರಿಂದ ಉಬ್ಬರವೂ ದೊಡ್ಡದಿತ್ತು. ಕತ್ತಲಾದ ಮೇಲೆ ಇಂಗ್ಲೆಂಡಿನ ಪೂರ್ವ ಕರಾವಳಿಯ ದಂಡೆಗಳು ಲಿಂಕನ್‌ಶೈರಿನಿಂದ ಕೆಂಟಿನವರೆಗೆ ಒಂದೊಂದಾಗಿ ಒಡೆದವು. ಉತ್ತರದಲ್ಲಿ ಊರುಗಳು ಮುಳುಗಿದ ಸುದ್ದಿ ದಕ್ಷಿಣದ ಊರುಗಳನ್ನು ಸಕಾಲದಲ್ಲಿ ತಲುಪಲಿಲ್ಲ. ಬೆನ್‌ಫ್ಲೀಟಿನ ಮಗ್ಗುಲಲ್ಲೇ ಇರುವ ಕ್ಯಾನ್ವೀ ದ್ವೀಪದಲ್ಲಿ ಜನ ಮಲಗಿದ್ದಾಗ ನೀರು ನುಗ್ಗಿ 50ಕ್ಕೂ ಹೆಚ್ಚು ಮಂದಿ ಸತ್ತರು. ಇಂಗ್ಲೆಂಡಿನಲ್ಲಿ ಒಟ್ಟು ಸತ್ತವರು 307, ನೆದರ್ಲೆಂಡ್ಸ್‌ನಲ್ಲಿ 1,836. ನೀರಿಳಿದ ಮೇಲೆ ಹೊಲಗಳಲ್ಲಿ ಉಪ್ಪು ಉಳಿಯಿತು. ಮಣ್ಣನ್ನು ಮತ್ತೆ ಬೆಳೆಗೆ ತರಲು ರೈತರು ಜಿಪ್ಸಮ್ ಹರಡಬೇಕಾಯಿತು.

ಆ ರಾತ್ರಿಯ ಲೆಕ್ಕದಲ್ಲಿ ಒಂದು ಕೀಟದ ಹೆಸರು ಸೇರದಿದ್ದುದು ನ್ಯಾಯವೇ. ಮನೆಯ ಮಾಡಿನ ಮೇಲೆ ಮಕ್ಕಳನ್ನು ಎತ್ತಿ ಹಿಡಿದು ಬೆಳಗಾಗುವುದನ್ನು ಕಾದವರ ನಡುವೆ ಕೊಳದ ಮರಿಗಳನ್ನು ಯಾರು ನೆನೆದಾರು? ಆದರೂ ಆಗಿದ್ದು ಇಷ್ಟು: ಎಸೆಕ್ಸಿನ ಆ ಸಿಹಿನೀರಿನ ಕೊಳಗಳಿಗೆ ಸಮುದ್ರದ ನೀರು ಹೊಕ್ಕಿತು. ಡೇಂಟಿಯ ಇಡೀ ಪೀಳಿಗೆ, ಮುಂದಿನ ಬೇಸಿಗೆಯಲ್ಲಿ ಹಾರಬೇಕಾಗಿದ್ದ ಎಲ್ಲವೂ, ಆ ನೀರಿನಲ್ಲಿತ್ತು. ಪ್ರವಾಹ ಜುಲೈ ತಿಂಗಳಲ್ಲಿ ಬಂದಿದ್ದರೆ ಕೆಲವಾದರೂ ರೆಕ್ಕೆಯಿದ್ದವು ದಂಡೆಯಾಚೆಗೆ ಹೋಗಿರುತ್ತಿದ್ದವೋ ಏನೋ. ಜನವರಿಯಲ್ಲಿ ರೆಕ್ಕೆಯಿದ್ದದ್ದು ಒಂದೂ ಇರಲಿಲ್ಲ. 1952ರ ಬೇಸಿಗೆಯಲ್ಲಿ ಕಂಡದ್ದೇ ಕೊನೆಯದಾಯಿತು. ಕನ್ನಡದಲ್ಲಿ ನದಿ ಕಡಲು ಕೂಡುವೆಡೆಗೆ ಅಳಿವೆಯೆಂಬ ಹೆಸರಿದೆ. ಇಲ್ಲವಾಗುವುದಕ್ಕೆ ಅಳಿವು ಎನ್ನುತ್ತೇವೆ. ಈ ಎರಡು ಪದಗಳು ಇಷ್ಟು ಹತ್ತಿರ ನಿಂತ ಉದಾಹರಣೆ ನಮಗೆ ಬೇರೆ ತೋರದು.

ಒಂದು ಜಾತಿ ಅಳಿಯಿತೆಂದು ಬರೆಯುವುದು ಸುಲಭದ ಕೆಲಸವಲ್ಲ. ಇರುವುದಕ್ಕೆ ಒಂದು ಮಾದರಿ ಸಾಕ್ಷಿಯಾದೀತು. ಇಲ್ಲದ್ದಕ್ಕೆ ಸಾಕ್ಷಿಯೆಂದರೆ ವರ್ಷ ವರ್ಷವೂ ಹೋಗಿ ನೋಡಿ ಬರಿಗೈಯಲ್ಲಿ ಮರಳುವುದು. ಬ್ರಿಟನ್ನಿನ ಇನ್ನೆರಡು ಡ್ಯಾಮ್ಸೆಲ್‌ಫ್ಲೈಗಳ ಕಥೆ ಈ ಕಷ್ಟವನ್ನು ತೋರಿಸುತ್ತದೆ. ನಾರ್ಫೋಕ್ ಡ್ಯಾಮ್ಸೆಲ್‌ಫ್ಲೈ 20ನೆಯ ಶತಮಾನದ ಆರಂಭದಲ್ಲಿ ನಾರ್ಫೋಕ್‌ನ ಜೌಗುಸರೋವರಗಳಲ್ಲಿ ಕಂಡಿತು. ನೀರು ಒಣಗಿ ಜೊಂಡು, ಪೊದೆಗಳು ನೆಲವನ್ನು ಆಕ್ರಮಿಸಿದಂತೆ ಕ್ಷೀಣಿಸುತ್ತ ಬಂದು, 1950ರ ದಶಕದ ಕೊನೆಯಲ್ಲಿ ಇಲ್ಲವಾಯಿತು. ಅದನ್ನು ಕೊಂದದ್ದು ಯಾವ ಬಿರುಗಾಳಿಯೂ ಅಲ್ಲ, ಮೆಲ್ಲಗೆ ನಡೆದ ಬದಲಾವಣೆ. ಸ್ಕೇರ್ಸ್ ಎಮರಾಲ್ಡ್ ಎಂಬ ಹಸುರು ಡ್ಯಾಮ್ಸೆಲ್‌ಫ್ಲೈಯದು ಇನ್ನೊಂದು ಬಗೆ. ಅದು ಬ್ರಿಟನ್ನಿನಿಂದ ಹೋಯಿತೆಂದು ತಿಳಿಯಲಾಗಿತ್ತು. 1983ರಲ್ಲಿ ಎಸೆಕ್ಸಿನಲ್ಲೇ ಮತ್ತೆ ಸಿಕ್ಕಿತು. ಅದು ಎಲ್ಲಿಗೂ ಹೋಗಿರಲಿಲ್ಲ. ನೋಡುವವರ ಕಣ್ಣಿಗೆ ಮರೆಯಾಗಿತ್ತು, ಅಷ್ಟೆ. ಹೀಗೆ 'ಇಲ್ಲ' ಎಂಬ ಒಂದೇ ಮಾತಿನಡಿ ಬೇರೆಬೇರೆ ಸಂಗತಿಗಳು ಅಡಗಿರುತ್ತವೆ.

ಡೇಂಟಿಯದು ಮೂರನೆಯ ಬಗೆ. 2010ರ ಬೇಸಿಗೆಯಲ್ಲಿ ಥೇಮ್ಸ್ ಅಳಿವೆಯ ದಕ್ಷಿಣ ದಡದಲ್ಲಿರುವ ಕೆಂಟ್ ಕೌಂಟಿಯ ಶೆಪ್ಪಿ ದ್ವೀಪದಲ್ಲಿ ಅದು ಕಂಡಿತು. 1953ರಲ್ಲಿ ಈ ದ್ವೀಪವೂ ಪ್ರವಾಹಕ್ಕೆ ತುತ್ತಾಗಿತ್ತು. ಈ ಬಾರಿಯೂ ಗುರುತಿಸಿದವರು ಹವ್ಯಾಸಿ ವೀಕ್ಷಕರೇ. ಹಿಡಿದ ಗುರುತುಗಳೂ ಅವೇ. ಬ್ರಿಟಿಷ್ ಡ್ರ್ಯಾಗನ್‌ಫ್ಲೈ ಸೊಸೈಟಿ ಸುದ್ದಿಯನ್ನು ಸಂತೋಷದಿಂದ ಪ್ರಕಟಿಸಿತು. ಪತ್ರಿಕೆಗಳು ಅದನ್ನು ಐವತ್ತೇಳು ವರ್ಷಗಳ ಮೇಲಿನ ಮರಳುವಿಕೆಯಾಗಿ ಬರೆದವು. ಮುಂದಿನ ವರ್ಷಗಳಲ್ಲಿ ಅದು ಅಲ್ಲಿ ಸಂತಾನ ಬೆಳೆಸಿ ನೆಲೆಯೂರಿತು.

ಹಾಗಾದರೆ ಮರಳಿ ಬಂದದ್ದು ಯಾವುದು? ಹ್ಯಾಡ್ಲಿಯ ಕೊಳದಲ್ಲಿದ್ದ ಸಂತತಿಯೇನೂ ಅಲ್ಲ, ಅದಕ್ಕೆ ಉತ್ತರಾಧಿಕಾರಿಗಳಿಲ್ಲ. ಹೊಸದಾಗಿ ಬಂದವು ಕಡಲಾಚೆಯ ಭೂಖಂಡದಿಂದ ಬಂದವು. 1990ರ ದಶಕದಿಂದ ಈಚೆಗೆ ಡೇಂಟಿ ಫ್ರಾನ್ಸಿನಿಂದ ಉತ್ತರಕ್ಕೆ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳೊಳಗೆ ವೇಗವಾಗಿ ಹರಡುತ್ತ ಬಂದಿದೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಕೀಟವನ್ನೇ ಮಾದರಿಯಾಗಿ ಹಿಡಿದು, ಹರಡುವಿಕೆಯ ಮುಂಚೂಣಿಯಲ್ಲಿ ಒಂದು ಜೀವಿಯ ತಳಿಗುಣಗಳು ಹೇಗೆ ಬದಲಾಗುತ್ತವೆಂದು ಅಧ್ಯಯನ ಮಾಡಿದ್ದಾರೆ. ಹರಡುವಿಕೆಗೆ ಮುಖ್ಯ ಕಾರಣ ಬೆಚ್ಚಗಾಗುತ್ತಿರುವ ಹವೆ. ಅದೇ ಅಲೆಯಲ್ಲಿ ಇತರ ದಕ್ಷಿಣದ ಕೀಟಗಳೂ ಇಂಗ್ಲೆಂಡಿಗೆ ಬಂದಿವೆ. ಸ್ಮಾಲ್ ರೆಡ್-ಐಡ್ ಡ್ಯಾಮ್ಸೆಲ್‌ಫ್ಲೈ 1999ರಲ್ಲಿ ಮೊದಲು ಎಸೆಕ್ಸಿನಲ್ಲಿ ಕಂಡು, ಕೆಲವೇ ವರ್ಷಗಳಲ್ಲಿ ಆಗ್ನೇಯ ಇಂಗ್ಲೆಂಡನ್ನೆಲ್ಲ ವ್ಯಾಪಿಸಿತು. ಇನ್ನೊಂದೆಡೆ, ತಂಪು ಬಯಸುವ ನಾರ್ದರ್ನ್ ಡ್ಯಾಮ್ಸೆಲ್‌ಫ್ಲೈ ಸ್ಕಾಟ್ಲೆಂಡಿನ ಕೆಲವೇ ಸಣ್ಣ ಸರೋವರಗಳಿಗೆ ಸೀಮಿತವಾಗಿದೆ. ಹವೆ ಇನ್ನೂ ಬೆಚ್ಚಗಾದರೆ ಅದಕ್ಕೆ ಹೋಗಲು ಉತ್ತರದಲ್ಲಿ ಹೆಚ್ಚು ನೆಲ ಉಳಿದಿಲ್ಲ.

ಆದ್ದರಿಂದ 2010ರ ಸುದ್ದಿಯನ್ನು ಕಳೆದ ವಸ್ತು ಮರಳಿ ಸಿಕ್ಕಿತೆಂದು ಓದಿದರೆ ತಪ್ಪಾದೀತು. ಹೆಸರು ಅದೇ, ರೂಪ ಅದೇ, ಅಳಿವೆಯೂ ಅದೇ; ಕಾರಣಗಳು ಮಾತ್ರ ಬೇರೆ. 1953ರಲ್ಲಿ ಅದನ್ನು ಅಳಿಸಿದ್ದು ಒಂದು ರಾತ್ರಿಯ ಕಡಲು. ಅದನ್ನು ಮತ್ತೆ ಕರೆತಂದದ್ದು ದಶಕಗಳ ಬಿಸಿ. ಆ ಬಿಸಿಯೇ ಕಡಲಿನ ಮಟ್ಟವನ್ನೂ ಏರಿಸುತ್ತಿದೆ. 1953ರ ಪಾಠದಿಂದಲೇ ಲಂಡನ್ನಿನವರು ಥೇಮ್ಸ್ ನದಿಗೆ ಅಡ್ಡಲಾಗಿ ಬೃಹತ್ ತಡೆಗೋಡೆಯನ್ನು ಕಟ್ಟಿದರು. ಅದು 1980ರ ದಶಕದಿಂದ ಕೆಲಸ ಮಾಡುತ್ತಿದೆ. ಆ ಗೋಡೆ ಕಾಯುವುದು ಮೇಲ್ಗಡೆಯ ಮಹಾನಗರವನ್ನು. ಕೆಳಗಿನ ಅಳಿವೆಯ ಜೌಗುನೆಲ, ಅಲ್ಲಿನ ಡೇಂಟಿಗಳು, ತಮ್ಮ ಮಣ್ಣಿನ ದಂಡೆಗಳನ್ನೇ ನಂಬಿಕೊಂಡಿವೆ. ಜನವರಿಯಲ್ಲಿ ಅವು ಈಗಲೂ ನೀರಿನೊಳಗೇ ಇರುತ್ತವೆ.

ದೂರದ ಈ ಕೀಟಕ್ಕೂ ನಮಗೂ ಒಂದು ನಿಜವಾದ ಎಳೆಯಿದೆ. ಅದು ಕೊಡಗಿನ ಮೂಲಕ ಹಾದು ಬರುತ್ತದೆ. ಹ್ಯಾಡ್ಲಿಯ ಕೊಳದಲ್ಲಿ ಡೇಂಟಿ ಹಾರಾಡುತ್ತಿದ್ದ ವರ್ಷಗಳಲ್ಲೇ, 1949ರಲ್ಲಿ, ಬ್ರಿಟನ್ನಿನ ಈ ಗಣದ ಕೀಟಗಳನ್ನು ಗುರುತಿಸುವ ಕೈಪಿಡಿಯೊಂದನ್ನು ಲಂಡನ್ನಿನ ರಾಯಲ್ ಎಂಟಮಲಾಜಿಕಲ್ ಸೊಸೈಟಿ ಹೊರತಂದಿತು. ಅದನ್ನು ಬರೆದವರು ಎಫ್. ಸಿ. ಫ್ರೇಸರ್. ಭಾರತದಲ್ಲಿ ಸೇನಾವೈದ್ಯರಾಗಿದ್ದ ಫ್ರೇಸರ್ ಕೊಡಗು, ನೀಲಗಿರಿ ಮೊದಲಾದ ಪಶ್ಚಿಮ ಘಟ್ಟಗಳ ತೊರೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಹುಡುಕಿದವರು. ಅವರ ಲೇಖನಗಳು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬಂದವು. 1933ರಿಂದ 1936ರ ನಡುವೆ ಮೂರು ಸಂಪುಟಗಳಲ್ಲಿ ಅವರು ಬರೆದ ಭಾರತದ ಕೀಟವಿವರಣೆ ಇಂದಿಗೂ ನಮ್ಮ ಅಧ್ಯಯನಕಾರರ ಆಧಾರ. ಕೊಡಗಿನ ಕಾಡುಹೊಳೆಯ ಬಳಿ ಪಳಗಿದ ಅದೇ ಕಣ್ಣು ನಿವೃತ್ತಿಯ ನಂತರ ಇಂಗ್ಲೆಂಡಿನ ನೀರುಗಳನ್ನು ನೋಡಿತು.

ಫ್ರೇಸರ್ ನಮ್ಮ ಘಟ್ಟಗಳ ಮಟ್ಟಿಗೆ ಮೊದಲ ಇಸವಿಯನ್ನು ಬರೆದು ಹೋದರು. ಎಸೆಕ್ಸಿನ ಕೀಟಕ್ಕೆ ಎರಡು ಇಸವಿಗಳು ದೊರೆತದ್ದು, ಆಮೇಲೆ ಮೂರನೆಯದೂ ಸೇರಿದ್ದು, ಅಲ್ಲಿ ತಲೆಮಾರುಗಳುದ್ದಕ್ಕೂ ಯಾರೋ ಒಬ್ಬರು ಬೇಸಿಗೆಯ ರಜೆಯಲ್ಲಿ ಕೊಳಕ್ಕೆ ಹೋಗಿ ನೋಡಿ ಬಂದು ಬರೆದಿಟ್ಟದ್ದರಿಂದ. ಇಲ್ಲಿಯೂ ಅಂಥ ಕೆಲಸ ಮಾಡುವವರು ಇದ್ದಾರೆ, ಹೆಚ್ಚುತ್ತಲೂ ಇದ್ದಾರೆ. ಆದರೆ ನಾವು ಬಿಟ್ಟುಬಂದ ಊರಿನ ಕೆರೆಗಳಿಗೂ ನಾವೀಗ ಬಾಳುತ್ತಿರುವ ನಗರಗಳ ಅಳಿದುಳಿದ ಹೊಂಡಗಳಿಗೂ ನೋಡುವ ಕಣ್ಣುಗಳು ಸಾಲವು. ಮಣ್ಣು ತುಂಬಿಸಿ ಕಟ್ಟಡವೆಬ್ಬಿಸಿದ ಕೆರೆಯೊಂದಿಗೆ ಏನು ಹೋಯಿತೆಂದು ಕೇಳಿದರೆ ನಾವು ನೀರು ಹೋಯಿತು ಎನ್ನುತ್ತೇವೆ, ಹೆಚ್ಚೆಂದರೆ ಹಕ್ಕಿ ಹೋಯಿತು ಎನ್ನುತ್ತೇವೆ. ಅದರ ಚಳಿಗಾಲದ ನೀರಿನಲ್ಲಿ ಮುಂದಿನ ಬೇಸಿಗೆಗೆ ಕಾದಿದ್ದ ಮರಿಗಳ ಲೆಕ್ಕ ಯಾರಲ್ಲೂ ಇಲ್ಲ. ಲೆಕ್ಕವಿಲ್ಲದ್ದು ಒಂದು ವೇಳೆ ಮರಳಿ ಬಂದರೂ ಅದು ಮರಳಿತೆಂದು ನಮಗೆ ತಿಳಿಯುವುದಿಲ್ಲ.